ಸಹಾಯ ಬೇಕು: ವಾರಂಟಿ ಇದ್ದೂ ಗೇಮ್ ಕನ್ಸೋಲ್ ರಿಪೇರಿ ಮಾಡಿಕೊಡುತ್ತಿಲ್ಲ (ಕುಂಬಳೆ, ಕಾಸರಗೋಡು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಅಂಗಡಿಯಿಂದ ತಂದ ಕನ್ಸೋಲ್, ವಾರಂಟಿ ಇನ್ನೂ ಉಂಟು. ಕಂಟ್ರೋಲರಿನ ಎಡಗಡೆ ಸ್ಟಿಕ್ ಮುಟ್ಟದಿದ್ದರೂ ಆಟದೊಳಗಿನ ಆಳು ತನ್ನಷ್ಟಕ್ಕೇ ಬಲಕ್ಕೆ ನಡೆದು ಗೋಡೆಗೆ ಹೋಗಿ ನಿಲ್ಲುತ್ತಾನೆ. ಸ್ಟಿಕ್ಕಿನ ಒಳಗಿನ ಸೆನ್ಸರ್ ಸವೆದರೆ ಹೀಗಾಗುತ್ತದೆ, ಕಂಪನಿಗೆ ಇದು ಹೊಸತೇನಲ್ಲ. ಆದರೂ ಕಸ್ಟಮರ್ ಕೇರಿನವರದ್ದು ‘ರೀಸೆಟ್ ಮಾಡಿ ನೋಡಿ’ ಒಂದೇ ಮಾತು. ಬಿಲ್, ವಿಡಿಯೋ ಎಲ್ಲ ಕಳಿಸಿಯಾಯಿತು. ಪ್ರತಿ ಸಲ ಬೇರೆ ಯಾರೋ ಬಂದು ಮೊದಲಿನಿಂದ ಕೇಳುತ್ತಾರೆ.

ಮಂಗಳೂರಿನ ಸರ್ವಿಸ್ ಸೆಂಟರಿನವರು ‘ಪಿನ್‌ಕೋಡ್ ಕೇರಳದ್ದು, ಕೊಚ್ಚಿಗೆ ಕಳಿಸಿ’ ಎಂದರು. ಕೊಚ್ಚಿಯವರು ‘ಬಿಲ್ ಕರ್ನಾಟಕದ್ದು’ ಎಂದು ಕೈತೊಳೆದುಕೊಂಡರು. ದುಡ್ಡು ತೆಗೆದುಕೊಳ್ಳುವಾಗ ಯಾರೂ ಪಿನ್‌ಕೋಡ್ ಕೇಳಿರಲಿಲ್ಲ ಮಾರಾಯ್ರೆ, ಹೊಟ್ಟೆ ಉರಿಯುವುದು ಅದಕ್ಕೇ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕನ್ನಡದಲ್ಲಿ ದೂರು ಬರೆದುಕೊಟ್ಟವರು ಯಾರಾದರೂ ಇದ್ದೀರಾ? ತೆಗೆದುಕೊಂಡರಾ, ಮಲಯಾಳ ಅಥವಾ ಇಂಗ್ಲಿಷಿನಲ್ಲೇ ಬೇಕೆಂದರಾ? ಅರ್ಜಿಯ ಪ್ರತಿ ಇದ್ದರೆ ದಯವಿಟ್ಟು ಇನ್‌ಬಾಕ್ಸಿಗೆ ಹಾಕಿ. ಹೊರಗೆ ಬಿಚ್ಚಿಸಿ ರಿಪೇರಿ ಮಾಡಿಸು ಎಂದು ಮಾತ್ರ ಹೇಳಬೇಡಿ, ಮತ್ತೆ ವಾರಂಟಿ ಇಲ್ಲ ಎನ್ನಲು ಅವರಿಗೆ ಅದೇ ನೆಪವಾಗುತ್ತದೆ.