ಪಂದಿ ಕರಿ ಜೊತೆ ಮೊರ್ಗೋನ್ ವೈನ್ ಹೊಂದುತ್ತಾ?

ಕಾಚಂಪುಳಿ: ನಮಸ್ಕಾರ. ನಾವು ಕೊಡಗಿನವರು, ಈಗ ಇರೋದು ಫ್ರಾನ್ಸಿನ ಲಿಯೋನ್‌ನಲ್ಲಿ. ಶನಿವಾರ ರಾತ್ರಿ ನಮ್ಮ ಯಜಮಾನರ ಆಫೀಸಿನ ಇಬ್ಬರು ಊಟಕ್ಕೆ ಬರ್ತಿದ್ದಾರೆ, ಇಬ್ಬರೂ ಇಲ್ಲಿಯವರೇ. ಪಂದಿ ಕರಿ (ಹಂದಿ ಮಾಂಸದ್ದು), ಕಡಂಬುಟ್ಟು (ಅಕ್ಕಿ ತರಿ ಉಂಡೆ) ಮಾಡೋಣ ಅಂತಿದ್ದೀನಿ. ಮನೆಯಲ್ಲಿ ಉಡುಗೊರೆ ಬಂದ ಒಂದು ಬಾಟಲಿ ರೆಡ್ ವೈನ್ ಇದೆ. ಲೇಬಲ್ ಮೇಲೆ ‘ಮೊರ್ಗೋನ್, ಕೋಟ್ ದ್ಯು ಪಿ, 2019’ ಅಂತಿದೆ, ಯಾವ ದ್ರಾಕ್ಷಿ ಅನ್ನೋದು ಮಾತ್ರ ಎಲ್ಲೂ ಇಲ್ಲ. ನಮ್ಮ ಖಾರಕ್ಕೆ ಇದು ನಡೆಯುತ್ತಾ, ಇಲ್ಲಾ ಬೇರೆ ತರಬೇಕಾ?

ರಾಯರು_65: ಮಾಂಸ ಅಂದ್ಮೇಲೆ ಬೋರ್ಡೋ ಸೀಮೆಯ ರೆಡ್ ವೈನ್. ಮೊರ್ಗೋನ್ ಬೋಜೊಲೆ ಸೀಮೆಯದು, ತೆಳು. ನಿಮ್ಮ ಮಸಾಲೆ ಮುಂದೆ ನಿಲ್ಲಲ್ಲ.

ಗಾಮೇಪ್ರಿಯೆ: ರಾಯರೇ, ಬೇಜಾರು ಮಾಡ್ಕೋಬೇಡಿ, ಖಾರದ ಊಟಕ್ಕೆ ಎಳೆ ಬೋರ್ಡೋ ಕೊಟ್ಟರೆ ಬಂದವರಿಗೆ ಶಿಕ್ಷೆ. ಅದರ ಒಗರು ಮತ್ತು ಮೆಣಸಿನಕಾಯಿ ಖಾರ ಸೇರಿದರೆ ಬಾಯಿ ಉರಿಯುತ್ತೆ, ವೈನ್ ಕಹಿಯಾಗುತ್ತೆ.

ಕಾಚಂಪುಳಿಯವರೇ, ನಿಮ್ಮ ಬಾಟಲಿಯಲ್ಲಿರೋದು ಗಾಮೇ ದ್ರಾಕ್ಷಿ. ಇಲ್ಲಿ ಊರಿನ ಹೆಸರು ಬರೆದರೆ ಸಾಕು, ದ್ರಾಕ್ಷಿ ಯಾವುದು ಅಂತ ಕುಡಿಯೋರಿಗೆ ಗೊತ್ತು ಅನ್ನೋ ಧಿಮಾಕು ಇವರದು. ಬೋಜೊಲೆಯ ಹತ್ತು ‘ಕ್ರೂ’ಗಳಲ್ಲಿ (ತಮ್ಮದೇ ಹೆಸರಲ್ಲಿ ವೈನ್ ಮಾರೋ ಮೇಲ್ದರ್ಜೆಯ ಜಾಗಗಳು) ಮೊರ್ಗೋನ್ ಒಂದು, ಪಿ ಅನ್ನೋದು ಅಲ್ಲಿನ ಗುಡ್ಡ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಈ ಗಾಮೇ ಬಳ್ಳಿಯನ್ನ ತನ್ನ ಸೀಮೆಯಿಂದ ಕಿತ್ತು ಹಾಕಿಸೋಕೆ ಆಜ್ಞೆ ಹೊರಡಿಸಿದ್ದ. ನಮ್ಮ ಪುಣ್ಯ, ದಕ್ಷಿಣದ ಈ ಗುಡ್ಡಗಳಲ್ಲಿ ಅದು ಉಳಿದುಕೊಳ್ತು.

ಒಂದು ವರ್ಷ ಆ ಕಡೆ ದ್ರಾಕ್ಷಿ ಕೊಯ್ಲಿಗೆ ಹೋಗಿದ್ದೆ. ಗೊಂಚಲನ್ನ ಕೈಯಲ್ಲೇ ಕತ್ತರಿಸಿ, ಜಜ್ಜದೆ, ಇಡಿಯಾಗಿ ತೊಟ್ಟಿಗೆ ಸುರೀತಾರೆ. ತಳದಲ್ಲಿ ಭಾರಕ್ಕೆ ಒಡೆದ ಹಣ್ಣು ಹುದುಗು ಬಂದು ಇಂಗಾಲದ ಡೈಆಕ್ಸೈಡ್ ತುಂಬ್ಕೊಳ್ಳುತ್ತೆ. ಮೇಲಿನ ಹಣ್ಣುಗಳು ಸಿಪ್ಪೆಯೊಳಗೇ ಹುದುಗೋಕೆ ಶುರುವಾಗುತ್ತೆ. ಹಾಗಾಗಿ ಚೆರ್ರಿ ವಾಸನೆ ಜಾಸ್ತಿ, ಒಗರು ಕಮ್ಮಿ. ಮೊರ್ಗೋನ್‌ನವರು ತೊಟ್ಟಿಯಲ್ಲಿ ಹೆಚ್ಚು ದಿನ ಬಿಡೋದರಿಂದ, ನವೆಂಬರ್ ಮೂರನೇ ಗುರುವಾರ ಬರೋ ‘ನೂವೋ’ ಅನ್ನೋ ಎಳೆ ಬೋಜೊಲೆಗಿಂತ ಇದಕ್ಕೆ ಮೈಕಟ್ಟು ಚೆನ್ನಾಗಿರುತ್ತೆ. ತೆಳು ಅಂತ ತಳ್ಳಿಹಾಕೋ ಹಾಗಿಲ್ಲ.

ಇನ್ನು ಪಂದಿ. ಲಿಯೋನ್‌ನವರಿಗೆ ಹಂದಿ ಮಾಂಸ, ಬೋಜೊಲೆ ವೈನ್ ಎರಡೂ ದಿನನಿತ್ಯದ್ದು. ಬೋಜೊಲೆ ಕಡೆ ಸಾಸೇಜನ್ನ ದ್ರಾಕ್ಷಿ ಹಿಂಡಿದ ಚರಟದ ಮೇಲಿಟ್ಟೇ ಬೇಯಿಸ್ತಾರೆ. ಪಂದಿಗೆ ಹಾಕೋ ಕಾಚಂಪುಳಿ ರಸದ ಹುಳಿಗೆ ಹೆದರಬೇಡಿ. ಊಟದಲ್ಲಿ ಹುಳಿ ಇದ್ದಾಗ ಹುಳಿ ಕಮ್ಮಿ ಇರೋ ವೈನ್ ಸಪ್ಪೆ ಆಗುತ್ತೆ, ಗಾಮೇಗೆ ಆ ತೊಂದರೆ ಇಲ್ಲ. ಕಪ್ಪಗೆ ಹುರಿದ ಮಸಾಲೆ, ಕಾಳುಮೆಣಸು ಎರಡೂ ಹಾಗೇ ಇರಲಿ. ಹಸಿಮೆಣಸಿನಕಾಯಿ ಮಾತ್ರ ಅರ್ಧಕ್ಕೆ ಇಳಿಸಿ, ಕೊಬ್ಬು ತೆಗೀಬೇಡಿ.

ಕಾಚಂಪುಳಿ: ಅಬ್ಬಾ, ನಿರಾಳ ಆಯ್ತು ಅಕ್ಕಾ! ಅವರು ಗ್ಲಾಸ್ ತಿರುಗಿಸಿ ಮೂಸಿ ನೋಡ್ತಾರಲ್ಲ, ಆಗ ನಾನೇನು ಮಾಡ್ಲಿ?

ಗಾಮೇಪ್ರಿಯೆ: ನೀವೂ ಮೂಸಿ! ಮೊದಲು ಬಾಟಲಿಯನ್ನ ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಡಿ, 14–15 ಡಿಗ್ರಿಗೆ ಬರಲಿ. ಚಳಿಗಾಲದ ಹೀಟರ್ ಪಕ್ಕ ಇಟ್ಟ ಬಾಟಲಿಯಿಂದ ಬರೀ ಆಲ್ಕೋಹಾಲ್ ಘಾಟು ಬರುತ್ತೆ. ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಹಾಕಿ. ತಿರುಗಿಸೋಕೆ ಮುಂಚೆ ಒಂದ್ಸಲ, ತಿರುಗಿಸಿ ಇನ್ನೊಂದ್ಸಲ ಮೂಸಿ, ವ್ಯತ್ಯಾಸ ಗೊತ್ತಾಗುತ್ತೆ. ಗುಟುಕು ಬಾಯಲ್ಲಿಟ್ಟಾಗ ವಸಡು ಬಿಗಿದ ಹಾಗಾದರೆ ಒಗರು, ಕೆನ್ನೆ ಒಳಗೆ ನೀರೂರಿದರೆ ಹುಳಿ. ಆಮೇಲೆ ಕೊಬ್ಬಿರೋ ಒಂದು ತುಂಡು ಪಂದಿ ತಿಂದು ಇನ್ನೊಂದು ಗುಟುಕು ಕುಡೀರಿ. ಹುಳಿ ತಗ್ಗಿ ಹಣ್ಣಿನ ರುಚಿ ಮುಂದೆ ಬಂತಾ ನೋಡಿ.

ರಾಯರು_65: ಒಪ್ಪಿದೆ ತಾಯಿ. ಆದ್ರೂ ನಾನು ಮಟನ್‌ಗೆ ಬೋರ್ಡೋನೇ.

ಗಾಮೇಪ್ರಿಯೆ: ಖಾರ ಹಾಕದೆ ಸುಟ್ಟ ಕುರಿ ತೊಡೆಗಾದರೆ ನಾನೂ ಅದನ್ನೇ ತಗೋತೀನಿ ರಾಯರೇ. ಕಾಚಂಪುಳಿಯವರೇ, ನಾಲ್ಕು ಜನಕ್ಕೆ ಮುಕ್ಕಾಲು ಲೀಟರ್ ಯಾವ ಮೂಲೆಗೂ ಸಾಲಲ್ಲ, ಇನ್ನೊಂದು ಮೊರ್ಗೋನ್ ತಂದಿಟ್ಟುಕೊಳ್ಳಿ.