ಸರ್ಕಾರಿ ಕಾಮಗಾರಿಯಲ್ಲಿ ಕ್ವಾಲಿಟಿ ಕಂಟ್ರೋಲ್: ನೀವೆಲ್ಲ ಹೇಗೆ ನಿಭಾಯಿಸಿದ್ದೀರಿ?

ಪ್ರಶ್ನೆ: ಸರ್ಕಾರಿ ಕಟ್ಟಡಗಳ ಕ್ವಾಲಿಟಿ ಜವಾಬ್ದಾರಿ ಹೊಸದಾಗಿ ನನ್ನ ಮೇಲೆ ಬಿದ್ದಿದೆ. ಮೂರು ಸೈಟ್, ನಾನೊಬ್ಬನೇ. ಫೈಲ್ ನೋಡಿದರೆ ಕ್ಯೂಬ್ ಟೆಸ್ಟ್ (ಕಾಂಕ್ರೀಟ್ ಅಚ್ಚು ಒಡೆದು ಬಲ ನೋಡುವ ಪರೀಕ್ಷೆ) ಎಲ್ಲಾ ಪಾಸ್. ಆದರೆ ನಿನ್ನೆ ಸೆಂಟ್ರಿಂಗ್ ಹಲಗೆ ಬಿಚ್ಚಿದಾಗ ಎರಡು ಕಾಲಂ ಬುಡದಲ್ಲಿ ಜಲ್ಲಿ ಹಾಗೇ ಕಾಣುತ್ತಿತ್ತು. ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1 (ಇಲಾಖೆ ಕಡೆ ಸೈಟ್ ನೋಡಿದವನು): ಸರ್, ಕ್ಯೂಬ್ ಪಾಸ್ ಆಗಿರುವುದೂ ನಿಜ ಇರಬಹುದು, ಕಾಲಂ ಕೆಟ್ಟಿರುವುದೂ ನಿಜ. ಕ್ಯೂಬ್ ಹೇಳುವುದು ಮಿಕ್ಸರ್‌ನಿಂದ ಬಂದ ಮಾಲಿನ ಕಥೆ ಮಾತ್ರ. 150 ಮಿ.ಮೀ. ಅಚ್ಚಿನಲ್ಲಿ ಮೂರು ಪದರ ಹಾಕಿ, ಪದರಕ್ಕೆ 35 ಸಲ ಕುಟ್ಟಿ, ನೀರಿನಲ್ಲಿ ಮುಳುಗಿಸಿಟ್ಟ ಕಾಂಕ್ರೀಟ್ ಅದು. ಕಾಲಂಗೆ ಅಷ್ಟು ಉಪಚಾರ ಯಾರು ಮಾಡುತ್ತಾರೆ? ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಸೂಜಿ ಬುಡದವರೆಗೆ ಇಳಿಯಿತಾ, ಸೆಂಟ್ರಿಂಗ್ ಹಲಗೆಯ ಸಂದಿಯಿಂದ ಸಿಮೆಂಟ್ ಹಾಲು ಸೋರಿಹೋಯಿತಾ, ಇದು ಯಾವುದೂ ಕ್ಯೂಬ್‌ಗೆ ಗೊತ್ತಿಲ್ಲ.

ಅದಕ್ಕೇ ನಾನು ಹೇಳುವುದು ಒಂದೇ: ಕಾಂಕ್ರೀಟ್ ಹಾಕುವ ಮುಂಚೆ ತಡೆಯುವ ಅಧಿಕಾರ ಮೊದಲು ಬರಹದಲ್ಲಿ ತೆಗೆದುಕೊಳ್ಳಿ. ಮುಚ್ಚಿಹೋಗುವ ಪ್ರತಿಯೊಂದು ಕೆಲಸಕ್ಕೂ, ಅಂದರೆ ಪಾಯದ ಕಂಬಿ, ಕಾಲಂ ಕಂಬಿ, ಸ್ಲ್ಯಾಬ್, ಗೋಡೆಯೊಳಗಿನ ಪೈಪ್, ವಾಟರ್‌ಪ್ರೂಫಿಂಗ್, ಮಣ್ಣು ತುಂಬುವ ಒಂದೊಂದು ಪದರ, ಇವಕ್ಕೆಲ್ಲ ಒಂದು ಪುಟದ ಚೆಕ್ ಕಾರ್ಡ್ ಮಾಡಿ. ಇಲಾಖೆ, ಗುತ್ತಿಗೆದಾರ ಎರಡೂ ಕಡೆಯವರ ಸಹಿ ಇಲ್ಲದೆ ಮಿಕ್ಸರ್ ಆನ್ ಆಗಬಾರದು. ಆ ಕಾರ್ಡ್ ಇಲ್ಲದ ಕೆಲಸ ಅಳತೆ ಪುಸ್ತಕಕ್ಕೆ ಏರಬಾರದು, ಬಿಲ್‌ಗೂ ಹೋಗಬಾರದು. ಕರಾರಿನಲ್ಲಿ ಇದಕ್ಕೆ ಜಾಗ ಇದೆಯಾ ನೋಡಿಕೊಂಡು, ಮೇಲಿನವರಿಂದ ಒಂದು ಪತ್ರ ಮಾಡಿಸಿ. ಕಡಿಮೆ ಬೆಲೆಗೆ ಟೆಂಡರ್ ಹಿಡಿದವರ ಹತ್ತಿರ ಬಾಯಿಮಾತು ನಡೆಯುವುದಿಲ್ಲ, ಬಿಲ್ ಮಾತ್ರ ನಡೆಯುತ್ತದೆ.

ನನಗೆ ಇದು ಗೊತ್ತಾಗಿದ್ದು ಒಂದು ಸ್ಲ್ಯಾಬ್ ದಿನ. ನಾನು ಹೋಗುವಷ್ಟರಲ್ಲಿ ಮಿಕ್ಸರ್ ತಿರುಗುತ್ತಿತ್ತು. ಬಗ್ಗಿ ನೋಡಿದರೆ ಕಂಬಿಯನ್ನು ಹಲಗೆಯಿಂದ ಮೇಲೆ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಲ್ಲ, ಅಲ್ಲೊಂದು ಇಲ್ಲೊಂದು ಜಲ್ಲಿಕಲ್ಲು ಸಿಕ್ಕಿಸಿದ್ದರು. ಕಾಲಿಟ್ಟ ಕಡೆಯೆಲ್ಲ ಕಂಬಿ ಹೋಗಿ ಹಲಗೆಗೆ ತಾಗುತ್ತಿತ್ತು. ನಿಲ್ಲಿಸಿ ಅಂದೆ. 'ಆಳುಗಳು ನಿಂತಿದ್ದಾರೆ, ಈ ಕೂಲಿ ಯಾರು ಕೊಡ್ತಾರೆ?' ಅಂತ ಜಗಳ. ನನ್ನ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಕೊನೆಗೆ ನಾನೇ ನಿಂತು ಕಂಬಿ ಎತ್ತಿಸಿ ಬ್ಲಾಕ್ ಇಡಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಕವರ್, ಅಂದರೆ ಸುತ್ತ ಸಾಕಷ್ಟು ಕಾಂಕ್ರೀಟ್ ಹೊದಿಕೆ, ಇಲ್ಲದ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನೇ ಒಡೆದು ಬೀಳಿಸುತ್ತದೆ. ಅದೂ ಗುತ್ತಿಗೆದಾರರ ಹೊಣೆಯ ಅವಧಿ ಮುಗಿದ ಎಷ್ಟೋ ವರ್ಷಕ್ಕೆ. ಆ ಸೂರಿನ ಕೆಳಗೆ ಆಗ ಯಾರು ಕೂತಿರುತ್ತಾರೋ ಏನೋ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಸಂಕಟ ಆಗುತ್ತದೆ.

ಈಗ ನಿಮ್ಮ ಕಾಲಂ ವಿಷಯ. ಮೇಸ್ತ್ರಿ ಸಂಜೆಯೊಳಗೆ ಗಾರೆ ಮೆತ್ತಿ ಮುಚ್ಚಿಬಿಡುತ್ತಾನೆ, ಅದನ್ನು ಮೊದಲು ತಡೆಯಿರಿ. ಫೋಟೋ ತೆಗೆಯಿರಿ. ಸುತ್ತಿಗೆಯಿಂದ ತಟ್ಟಿ, ಸಡಿಲ ಇದ್ದದ್ದನ್ನೆಲ್ಲ ಕೆತ್ತಿಸಿ. ಎಷ್ಟು ಆಳ ಹೋಗಿದೆ ಅಂತ ಆಮೇಲೆ ತಾನೇ ಗೊತ್ತಾಗುವುದು. ಕಂಬಿಯ ಹಿಂದೆಯೂ ಟೊಳ್ಳು ಇದ್ದರೆ ನೀವು ತೀರ್ಮಾನ ಮಾಡಬೇಡಿ, ಡಿಸೈನ್ ಮಾಡಿದವರಿಗೆ ಬರೆಯಿರಿ. ಮುಂದಿನ ಕಾಲಂಗೆ ಬುಡದ ಸಂದಿ ಮುಚ್ಚಿಸಿ, ಒಂದೂವರೆ ಮೀಟರ್‌ಗಿಂತ ಮೇಲಿಂದ ಸುರಿಯಲು ಬಿಡಬೇಡಿ. ಪದರ ಪದರವಾಗಿ ಹಾಕಿಸಿ. ಸೂಜಿ ಕೆಳಗಿನ ಪದರದೊಳಕ್ಕೂ ಸ್ವಲ್ಪ ಇಳಿಯಲೇಬೇಕು.

ಉತ್ತರ 2 (ಗುತ್ತಿಗೆದಾರರ ಕಡೆ ಕ್ವಾಲಿಟಿ ನೋಡುವವನು): ಮೇಲಿನವರು ಹೇಳಿದ್ದು ಸರಿ. ನಾನು ನೀರಿನ ಬಗ್ಗೆ ಹೇಳುತ್ತೇನೆ. ಮಿಕ್ಸ್ ಡಿಸೈನ್ (ಯಾವುದು ಎಷ್ಟು ಕಲಸಬೇಕು ಎಂಬ ಲೆಕ್ಕ) ಎಷ್ಟೇ ಚೆನ್ನಾಗಿರಲಿ, ಸುರಿಯಲು ಸಲೀಸಾಗಲಿ ಅಂತ ಯಾರೋ ಒಂದು ಬಕೆಟ್ ಜಾಸ್ತಿ ಹೊಯ್ದರೆ ಮುಗಿಯಿತು. ಸಿಮೆಂಟ್‌ಗೆ ಹೋಲಿಸಿದರೆ ನೀರಿನ ಪ್ರಮಾಣ ಏರಿದರೆ ಬಲ ಇಳಿಯುತ್ತದೆ ಅಂತ ಅಮೆರಿಕದ ಇಂಜಿನಿಯರ್ ಡಫ್ ಏಬ್ರಮ್ಸ್ 1918ರಲ್ಲೇ ತೋರಿಸಿದ್ದಾರೆ, ನಾವಿನ್ನೂ ಆ ಬಕೆಟ್ ಹಿಡಿದವನ ಹಿಂದೆ ಓಡುತ್ತಿದ್ದೇವೆ. ಕಾಂಕ್ರೀಟ್ ಎಷ್ಟು ನೀರಾಗಿದೆ ಅಂತ ನೋಡುವ ಸ್ಲಂಪ್ ಕೋನ್ ಆಫೀಸಿನ ಮೂಲೆಯಲ್ಲಿ ಇರಬಾರದು, ಮಿಕ್ಸರ್ ಪಕ್ಕದಲ್ಲಿರಬೇಕು. ತುಂಬಿ, ಕುಟ್ಟಿ, ಎತ್ತಿ, ಎಷ್ಟು ಕುಸಿಯಿತು ಅಂತ ಅಳೆಯಲು ಐದು ನಿಮಿಷ ಸಾಕು. ಗಟ್ಟಿ ಇದೆ, ಇಳಿಯುತ್ತಿಲ್ಲ ಅಂತ ಆಳುಗಳು ಹೇಳಿದರೆ ಅವರ ಮಾತು ಸುಳ್ಳಲ್ಲ. ನೀರು ಹೆಚ್ಚಿಸದೆ ಕಾಂಕ್ರೀಟ್ ಸಲೀಸಾಗಿಸುವ ಪ್ಲಾಸ್ಟಿಸೈಜರ್‌ಗೆ ಮೊದಲೇ ಅನುಮತಿ ಕೊಡಿಸಿ, ಆಗ ನೀರು ಕೇಳುವುದಿಲ್ಲ.

ಇನ್ನೊಂದು, ಮರಳು ಪೆಟ್ಟಿಗೆಯಲ್ಲಿ ಅಳೆಯುತ್ತಿದ್ದರೆ ಹುಷಾರು. ಸ್ವಲ್ಪ ಒದ್ದೆ ಮರಳು ಉಬ್ಬಿರುತ್ತದೆ, 20ರಿಂದ 30 ಪರ್ಸೆಂಟ್ ತನಕ. ಪೆಟ್ಟಿಗೆ ತುಂಬಿದ ಹಾಗೆ ಕಾಣುತ್ತದೆ, ಮರಳು ಕಡಿಮೆ ಬಿದ್ದಿರುತ್ತದೆ. ಸಾಧ್ಯವಾದರೆ ತೂಕ ಮಾಡಿಯೇ ಹಾಕಿಸಿ.

ಉತ್ತರ 3 (ಲ್ಯಾಬ್‌ನಲ್ಲಿ ಕ್ಯೂಬ್ ಒಡೆಯುವವಳು): 'ಎಲ್ಲಾ ಪಾಸ್' ಅನ್ನುವ ಫೈಲ್ ನೋಡಿದರೆ ನನಗೆ ಮೊದಲು ಅನುಮಾನವೇ. ನಿಜವಾದ ಸೈಟ್‌ನ ರಿಸಲ್ಟ್ ಏರಿಳಿಯುತ್ತದೆ. ತಿಂಗಳುಗಟ್ಟಲೆ ಒಂದೇ ಥರ ಬಂದರೆ ಕ್ಯೂಬ್‌ಗೆ ಅಂತ ಬೇರೆ ಕಲಸಿರಬಹುದು. ಯಾವ ಬ್ಯಾಚ್‌ನಿಂದ ತೆಗೆಯಬೇಕು ಅಂತ ನೀವೇ ಹೇಳಿ, ಮುಂಚೆ ಹೇಳಬೇಡಿ. ಸಹಿ ಹಾಕಿದ ಚೀಟಿಯನ್ನು ಹಸಿ ಕ್ಯೂಬ್ ಮೇಲೆ ಅಂಟಿಸಿ, ನಾವು ಒಡೆಯುವ ಮುಂಚೆ ಅದನ್ನೇ ನೋಡುತ್ತೇವೆ. 28 ದಿನದ ಅಂತಿಮ ರಿಸಲ್ಟ್ ತನಕ ಸುಮ್ನೆ ಕಾಯಬೇಡಿ, ಅಷ್ಟರಲ್ಲಿ ಮೇಲೆ ಇನ್ನೊಂದು ಮಹಡಿ ಎದ್ದಿರುತ್ತದೆ. 7 ದಿನಕ್ಕೆ ಸಾಮಾನ್ಯವಾಗಿ ಮೂರನೇ ಎರಡು ಪಾಲು ಬಲ ಬಂದಿರಬೇಕು. ಬಂದಿಲ್ಲ ಅಂದರೆ ಅವತ್ತೇ ಸೈಟ್‌ಗೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಆದರೆ ಮೂರು ಸೈಟ್‌ನಲ್ಲೂ ಒಂದೇ ದಿನ ಕಾಂಕ್ರೀಟ್ ಇಟ್ಟುಕೊಂಡರೆ ಏನು ಮಾಡಲಿ?

ಉತ್ತರ 1ರವರು: ಇಟ್ಟುಕೊಳ್ಳಲು ಬಿಡಬಾರದು ಸರ್. ಕನಿಷ್ಠ 24 ಗಂಟೆ ಮುಂಚೆ ಬರಹದಲ್ಲಿ ತಿಳಿಸಬೇಕು ಅಂತ ಅದೇ ಪತ್ರದಲ್ಲಿ ಸೇರಿಸಿ. ಶನಿವಾರ ಮೂರೂ ಕಡೆಯವರನ್ನು ಕೂರಿಸಿ ಮುಂದಿನ ವಾರದ ದಿನ ಹಂಚಿ. ಮೊದಲ ವಾರ ಗೊಣಗುತ್ತಾರೆ, ಆಮೇಲೆ ಅವರೇ ದಿನ ಕೇಳಿಕೊಂಡು ಬರುತ್ತಾರೆ. ಅಷ್ಟಕ್ಕೂ ತಪ್ಪಿಸಲಾಗದಿದ್ದರೆ ಕಾಲಂ ಮತ್ತು ಸ್ಲ್ಯಾಬ್ ಇರುವ ಸೈಟ್‌ಗೆ ನೀವು ಹೋಗಿ, ನೆಲದ ಹಾಸು ಕಾಂಕ್ರೀಟ್‌ಗೆ ಬೇರೆಯವರನ್ನು ಕಳಿಸಿ. ಕ್ಯೂರಿಂಗ್ (ಹಾಕಿದ ಕಾಂಕ್ರೀಟ್‌ಗೆ ನೀರುಣಿಸುವುದು) ನೋಡಲು ಮಾತ್ರ ಹೇಳದೆ ಹೋಗಿ, ರಜೆಯ ಮರುದಿನ ಬೆಳಿಗ್ಗೆ. ಮೇಲೆ ಹೊದಿಸಿದ ಒದ್ದೆ ಗೋಣಿ ಒಣಗಿದೆಯಾ ಅಂತ ಮುಟ್ಟಿದರೆ ಗೊತ್ತಾಗಿಬಿಡುತ್ತದೆ. ಆ ಎರಡು ಕಾಲಂ ಕೆತ್ತಿಸಿದಿರಾ? ಕಂಬಿ ಹಿಂದೆ ಟೊಳ್ಳು ಇದೆಯಾ ಇಲ್ಲವಾ, ಅದನ್ನು ಮೊದಲು ಹೇಳಿ.