ಶಿವಮೊಗ್ಗದಲ್ಲಿ ಮ್ಯೂಸಿಕ್ ಅಂಗಡಿ ಸೇಲ್ಸ್ ಕೆಲಸ: ಸೇರುವ ಮುಂಚೆ ಏನು ಕೇಳಬೇಕು?

ತುಂಗಾತೀರ:
ಕೀಬೋರ್ಡ್ ನುಡಿಸ್ತೀನಿ, ಆಡಿಯೋ ಎಂಜಿನಿಯರಿಂಗ್ ಕೋರ್ಸ್ ಆಗಿದೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಸೇಲ್ಸ್‌ಗೆ ಕರೆದಿದ್ದಾರೆ. ಗಿರಾಕಿಗಳು ಹೆಚ್ಚಿಗೆ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಭಜನಾ ಮಂಡಳಿ, ದೇವಸ್ಥಾನ, ಸೌಂಡ್ ಸೆಟ್‌ನವರು. ಸ್ಟುಡಿಯೋದಲ್ಲಿ ಕಲಿತದ್ದು ಕೌಂಟರ್‌ನಲ್ಲಿ ಉಪಯೋಗಕ್ಕೆ ಬರುತ್ತಾ? ಸಂಬಳದ ಮಾತಲ್ಲಿ ಏನೇನು ಕೇಳಬೇಕು? ಕೀಬೋರ್ಡ್ ನುಡಿಸೋ ಸ್ಟೇಜ್ ಪ್ರೋಗ್ರಾಂ ಬಿಡೋಕೆ ಮನಸ್ಸಿಲ್ಲ.

ಹಾರ್ನ್ ಯೂನಿಟ್:
ಬರುತ್ತೆ, ಆದರೆ ಪ್ಲಗಿನ್, ಮಾಸ್ಟರಿಂಗ್ ಅಲ್ಲ. ಬಂದವರು ಮೊದಲು ಕೇಳೋದು "ಎಷ್ಟು ವಾಟ್ಸ್?" ಅಂತ. ವಾಟ್ಸ್ ಡಬಲ್ ಮಾಡಿದರೆ ಸಿಗೋದು 3 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಮಾತ್ರ. 94 ಡಿಬಿ ಸೆನ್ಸಿಟಿವಿಟಿ (ಅಷ್ಟೇ ವಾಟ್‌ಗೆ ಎಷ್ಟು ಸದ್ದು ಕೊಡುತ್ತೆ ಅನ್ನೋ ಲೆಕ್ಕ) ಸ್ಪೀಕರ್ ಬದಲು 97ರದ್ದು ಕೊಟ್ಟರೆ ಅದೇ ಆಂಪ್ಲಿಫೈಯರ್‌ನಲ್ಲಿ ಆ 3 ಡಿಬಿ ಬರುತ್ತೆ. ಹಾಗಾಗಿ ನೀವು ಕೇಳಬೇಕಾದ್ದು ಬೇರೆ: ಜನ ಎಷ್ಟು, ಬಯಲೋ ಚಪ್ಪರವೋ, ಒಟ್ಟಿಗೆ ಎಷ್ಟು ಮೈಕ್ ಆನ್ ಇರುತ್ತೆ, ಕರೆಂಟ್ ಲೈನಿಂದಲೋ ಜನರೇಟರಿಂದಲೋ.

ಮೈಕ್ ಲೆಕ್ಕ ಯಾರೂ ಹೇಳಲ್ಲ. ಆನ್ ಇರೋ ಮೈಕ್ ಎರಡು ಪಟ್ಟಾದಾಗಲೆಲ್ಲ ಕೂಗು (ಫೀಡ್‌ಬ್ಯಾಕ್) ಹೊಡೆಯೋ ಮುಂಚಿನ ಗೇನ್, ಅಂದರೆ ಸದ್ದು ಏರಿಸಬಹುದಾದ ಮಿತಿ, 3 ಡಿಬಿ ಕಡಿಮೆ ಆಗುತ್ತೆ. ಯಕ್ಷಗಾನಕ್ಕೆ ರಂಗಸ್ಥಳದ ಮೇಲೆ ನಾಲ್ಕು ಮೈಕ್ ಇಳಿಬಿಟ್ಟರೆ ಒಂದಕ್ಕಿಂತ 6 ಡಿಬಿ ಹೋಯ್ತು. ಜೊತೆಗೆ ಚಂಡೆ ಎಲ್ಲದರೊಳಗೂ ನುಗ್ಗುತ್ತೆ. "ಫೀಡ್‌ಬ್ಯಾಕ್ ಬರ್ತಿದೆ, ದೊಡ್ಡ ಸ್ಪೀಕರ್ ಕೊಡಿ" ಅಂತ ಬಂದವರಿಗೆ ದೊಡ್ಡ ಸ್ಪೀಕರ್ ಮಾರಿದರೆ ಅದು ವಾಪಸ್ ಬರುತ್ತೆ ಅಂತಲೇ ಲೆಕ್ಕ ಇಟ್ಕೊಳ್ಳಿ. ಭಾಗವತರಿಗೆ ಡೈನಮಿಕ್ ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯೋದು), ಸ್ಪೀಕರ್‌ಗಳು ಮೈಕ್‌ಗಳಿಗಿಂತ ಮುಂದೆ, 100 ಹರ್ಟ್ಸ್ ಲೋ ಕಟ್ (ಅದಕ್ಕಿಂತ ತಗ್ಗಿನ ಸದ್ದು ಕತ್ತರಿಸೋ ಸ್ವಿಚ್) ಒತ್ತಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ದೇವಸ್ಥಾನದವರಿಗೆ 100 ವೋಲ್ಟ್ ಲೈನ್ (ಹಲವು ಹಾರ್ನ್‌ಗಳನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಒಂದೇ ಉದ್ದ ಲೈನ್‌ಗೆ ಜೋಡಿಸೋ ಪದ್ಧತಿ) ಬಾಯಿಪಾಠ ಇರಲಿ. 30 ವಾಟ್‌ಗೆ ಟ್ಯಾಪ್ ಮಾಡಿದ (ಟ್ರಾನ್ಸ್‌ಫಾರ್ಮರ್‌ನಲ್ಲಿ ಅಷ್ಟಕ್ಕೆ ಹೊಂದಿಸಿದ) ಆರು ಹಾರ್ನ್ ಅಂದರೆ 180 ವಾಟ್. 250ರ ಆಂಪ್ಲಿಫೈಯರ್ ಕೊಡಿ, 180ರದ್ದಲ್ಲ. ಟ್ರಾನ್ಸ್‌ಫಾರ್ಮರ್ ಇಲ್ಲದ 16 ಓಮ್ ಯೂನಿಟ್ ಅನ್ನು ಯಾರಾದರೂ ಅದೇ ಲೈನ್‌ಗೆ ಕೊಟ್ಟರೆ ಸುಟ್ಟಿತು ಅಂತಲೇ. ಬಿಲ್ ಹಿಂದೆ ಯಾವ ಟರ್ಮಿನಲ್‌ಗೆ ಯಾವ ವೈರ್ ಅಂತ ಚಿತ್ರ ಬರೆದುಕೊಡಿ, ಫೋನ್ ಕಾಲ್ ಎಷ್ಟೋ ಉಳಿಯುತ್ತೆ.

ಅಡಿಕೆ ಸುಗ್ಗಿ:
ದುಡ್ಡಿನ ಮಾತು ನಾನು ಹೇಳ್ತೀನಿ. ಇನ್ಸೆಂಟಿವ್ ಬಿಲ್ ಮೇಲೋ, ವಸೂಲಾದ ಹಣದ ಮೇಲೋ? ನಮ್ಮ ಕಡೆ ಉದ್ರಿ ಜಾಸ್ತಿ, ಅಡಿಕೆ ಮಾರಿದ ಮೇಲೆ ಕೊಡ್ತೀನಿ ಅನ್ನೋರೇ ಹೆಚ್ಚು. ವಸೂಲಿ ಮೇಲೆ ಅಂದರೆ ನಿಮ್ಮ ಕಮಿಷನ್ನೂ ಅಲ್ಲಿವರೆಗೆ ಕಾಯುತ್ತೆ. ವಾಪಸ್ ಬಂದ ಮಾಲಿನ ಕಮಿಷನ್ ಮುರ್ಕೊಳ್ತಾರಾ, ಇನ್‌ಸ್ಟಲೇಶನ್‌ಗೆ ಹೋದರೆ ಭತ್ಯೆ ಬೇರೆಯಾ, ಸ್ವಂತಕ್ಕೆ ತಗೊಂಡರೆ ಖರೀದಿ ದರವಾ? ಎಲ್ಲ ಬರಹದಲ್ಲಿ ಇರಲಿ.

ಪ್ರೋಗ್ರಾಂ ವಿಷಯ ಕಷ್ಟವೇ ಮಾರಾಯ್ರೆ. ಗಣಪತಿ ಹಬ್ಬದ ಮುಂಚಿನ ವಾರಗಳು, ಮದುವೆ ಸೀಸನ್ನು, ಜಾತ್ರೆ, ಇವೆಲ್ಲ ಅಂಗಡಿಗೂ ನಿಮಗೂ ಒಟ್ಟಿಗೇ ಬರುತ್ತೆ. ಗಣಪತಿ ಹಬ್ಬದ ಹೊತ್ತು ಬಿಟ್ಟರೆ ಮಳೆಗಾಲದಲ್ಲಿ ಇಬ್ಬರಿಗೂ ಬಿಡುವು. ಸೀಸನ್‌ನಲ್ಲಿ ತಿಂಗಳಿಗೆ ಇಷ್ಟು ರಜೆ ಅಂತ ಮೊದಲೇ ನಿಗದಿ ಮಾಡಿಕೊಳ್ಳಿ. ಇನ್ನೊಂದು, ಸೌಂಡ್ ಸೆಟ್‌ನವರಿಗೆ ಮಾಲು ಮಾರುತ್ತಾ ಅವರದೇ ಆರ್ಡರ್‌ಗೆ ಕೈ ಹಾಕಬೇಡಿ, ಅವರು ಅಂಗಡಿಗೆ ಕಾಲಿಡಲ್ಲ.

ಕರಿಮೋಡ:
ಮಳೆಗಾಲದ ಸ್ಟಾಕ್ ಯಾರು ನೋಡ್ಕೋತಾರೆ ಅಂತಲೂ ಕೇಳಿ. ಜೂನ್‌ನಿಂದ ಕಂಡೆನ್ಸರ್ ಮೈಕ್ (ಒಳಗಿನ ವಿದ್ಯುತ್ ಚಾರ್ಜ್‌ನಿಂದ ಸದ್ದು ಹಿಡಿಯೋದು) "ಚಿಟಿಚಿಟಿ ಅಂತಿದೆ" ಅಂತ ವಾಪಸ್ ಬರೋಕೆ ಶುರು. ಬಹಳಷ್ಟು ಸಲ ಕೆಟ್ಟಿರಲ್ಲ, ಕ್ಯಾಪ್ಸೂಲ್ (ಸದ್ದು ಹಿಡಿಯೋ ಭಾಗ) ಹತ್ತಿರ ತೇವ ಕೂತು ಚಾರ್ಜ್ ಸೋರ್ತಿರುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದು ರಾತ್ರಿ ಇಟ್ಟು ಆಮೇಲೆ ಟೆಸ್ಟ್ ಮಾಡಿ. ಹೇರ್ ಡ್ರೈಯರ್ ಹಿಡಿಯಬೇಡಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ 110-120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಗಿಟಾರ್‌ಗೆ 45-55% ತೇವಾಂಶ ಹಿತ. ಗೋಡೆಗೆ ತೂಗುಹಾಕಿದ್ದು ಆಗಸ್ಟ್ ಹೊತ್ತಿಗೆ ಹೊಟ್ಟೆ ಉಬ್ಬಿ ತಂತಿ ಮೇಲೆದ್ದಿರುತ್ತೆ. ಡೆಮೋಗೆ ಎರಡು ಸಾಕು, ಉಳಿದದ್ದು ಕೇಸ್ ಒಳಗೆ.

ತುಂಗಾತೀರ:
ಉಪಯೋಗ ಆಯ್ತು. ಡೆಮೋ ಟೇಬಲ್‌ನಲ್ಲಿ ಲ್ಯಾಪ್‌ಟಾಪ್ ಹಾಕಿದ ಕೂಡಲೇ ಗುಂಯ್ ಅನ್ನುತ್ತಂತೆ, ಏನು ಮಾಡೋದು?

ಹಾರ್ನ್ ಯೂನಿಟ್:
ಚಾರ್ಜರ್ ತೆಗೆದು ನೋಡಿ. ಗುಂಯ್ ನಿಂತರೆ ಅರ್ತ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ತ್ ಸೇರಿ ಆಗೋ ಸುತ್ತು. ಲ್ಯಾಪ್‌ಟಾಪ್, ಮಿಕ್ಸರ್, ಪವರ್ಡ್ ಸ್ಪೀಕರ್ ಮೂರನ್ನೂ ಒಂದೇ ಸಾಕೆಟ್ ಬೋರ್ಡಿಗೆ ತನ್ನಿ. ಆಗಲೂ ಇದ್ದರೆ ಮಧ್ಯೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಲ್ಯಾಪ್‌ಟಾಪ್‌ನಂಥದ್ದರ ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದಿಸಿ ಕೊಡೋ ಡಬ್ಬಿ) ಹಾಕಿ, ಸಿಗ್ನಲ್ ವೈರ್‌ನ ಅರ್ತ್ ಬಿಡಿಸೋ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್‌ನ ಅರ್ತ್ ಪಿನ್ ಮುರಿಯೋ ಅಭ್ಯಾಸ ಅಂಗಡಿಯಲ್ಲಿದ್ದರೆ ಮೊದಲು ಅದನ್ನ ನಿಲ್ಲಿಸಿ, ಒದ್ದೆ ಚಪ್ಪರದಲ್ಲಿ ಮೈಕ್ ಹಿಡಿದವರಿಗೇ ಶಾಕ್ ಹೊಡೆಯೋದು.